ಕದ್ರಿಯೋ, ಬಾವುಟಗುಡ್ಡೆಯೋ, ಪಿಲಿಕುಳವೋ? ಮಂಗಳೂರಿನಲ್ಲಿ ಪಾರ್ಕ್ ಆರಿಸುವ ಮೊದಲು

ರಜೆ ಬಂತು ಅಂದರೆ ಮಂಗಳೂರಿನ ಮನೆಗಳಲ್ಲಿ ನೆಂಟರು ಇದ್ದೇ ಇರುತ್ತಾರೆ. ಬೆಂಗಳೂರಿನಿಂದ ತಮ್ಮನ ಮಕ್ಕಳು, ಘಟ್ಟದ ಮೇಲಿನಿಂದ ಬೀಗರು, ಮುಂಬೈಯಿಂದ ಅಕ್ಕನ ಸಂಸಾರ. ಬೆಳಗ್ಗಿನ ತಿಂಡಿ ಮುಗಿಯುವ ಹೊತ್ತಿಗೆ "ಇವತ್ತು ಎಲ್ಲಿಗೆ?" ಅಂತ ಮಾತು ಶುರುವಾಗುತ್ತದೆ. ಬೀಚ್ ಅಂತೂ ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಹನ್ನೊಂದು ಗಂಟೆಯ ಬಿಸಿಲಿಗೆ ಪಣಂಬೂರಿನ ಮರಳಲ್ಲಿ ನಿಲ್ಲಲು ಯಾರಿಂದಾದರೂ ಆಗುತ್ತದಾ? ಆಗ ಪಾರ್ಕ್ ನೆನಪಾಗುತ್ತದೆ.

ಮಂಗಳೂರಿನ ಪಾರ್ಕ್‌ಗಳನ್ನು ಹುಲ್ಲು, ಹೂವು, ಜಾರುಬಂಡೆ ಇಟ್ಟುಕೊಂಡು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅಂಥ ಪಾರ್ಕ್ ಯಾವ ಊರಿನಲ್ಲೂ ಸಿಗುತ್ತದೆ. ನಮ್ಮಲ್ಲಿ ನೋಡಬೇಕಾದದ್ದು ಪಾರ್ಕಿನ ಗೇಟಿನಿಂದ ಹೊರಗೆ ಬಂದರೆ ಏನು ಸಿಗುತ್ತದೆ ಅನ್ನುವುದನ್ನು. ಒಂದರ ಹಿಂದೆ ಸಾವಿರ ವರ್ಷದ ಕಂಚಿನ ವಿಗ್ರಹ ಇದೆ, ಇನ್ನೊಂದರ ಎದುರಿಗೇ ಇಟಲಿಯವರೊಬ್ಬರು ಬಿಡಿಸಿದ ಚಿತ್ರಗಳ ಚಾಪೆಲ್ ಇದೆ, ಮತ್ತೊಂದಕ್ಕೆ ದೋಣಿಯಲ್ಲೇ ಹೋಗಬಹುದು. ಆಮೇಲೆ ಕೇಳಿಕೊಳ್ಳಬೇಕಾದದ್ದು ಎರಡೇ. ಜೊತೆಗೆ ಯಾರು ಬರುತ್ತಾರೆ? ಕೈಯಲ್ಲಿ ಎಷ್ಟು ಹೊತ್ತು ಇದೆ?

ನನ್ನನ್ನು ಕೇಳಿದರೆ, ಅರ್ಧ ದಿನ ಇದ್ದು ಒಂದೇ ಕಡೆ ಹೋಗುವುದಾದರೆ ಕದ್ರಿಗೇ ಹೋಗಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಕದ್ರಿ: ಪಾರ್ಕ್ ಒಂದು, ಗುಡ್ಡದ ತುಂಬ ನೋಡುವಂಥದ್ದು

ಕದ್ರಿ ಪಾರ್ಕ್ ತೋಟಗಾರಿಕೆ ಇಲಾಖೆಯದ್ದು. ಒಳಗೆ ಹೋದರೆ ದೊಡ್ಡ ಮರಗಳ ನೆರಳು, ನಡೆಯಲು ದಾರಿ, ಮಕ್ಕಳಿಗೆ ಆಡುವ ಜಾಗ, ಪುಟಾಣಿ ರೈಲು. ಆ ರೈಲಿಗೆ 'ಬಾಲ ಮಂಗಳ ಎಕ್ಸ್‌ಪ್ರೆಸ್' ಅಂತ ಹೆಸರು. ಮಂಗಳೂರಿನಲ್ಲಿ ಬೆಳೆದ ಎಷ್ಟೋ ಮಂದಿಗೆ ಜೀವನದ ಮೊದಲ ರೈಲು ಪ್ರಯಾಣ ಇಲ್ಲೇ ಆಗಿರುತ್ತದೆ. ಮೊದಲು ಇಲ್ಲಿ ಪ್ರಾಣಿಗಳೂ ಇದ್ದವು. ಆಮೇಲೆ ಅವನ್ನು ಪಿಲಿಕುಳಕ್ಕೆ ಸಾಗಿಸಿದರು. ರಸ್ತೆಯ ಆಚೆ, ಮೊದಲು ಜಿಂಕೆಗಳಿದ್ದ ಭಾಗದಲ್ಲಿ 2018ರಲ್ಲಿ ಸಂಗೀತ ಕಾರಂಜಿ ಬಂತು. ಕಾರಂಜಿ ನೋಡಲೆಂದೇ ಹೋಗುವವರು, ಆ ದಿನ ಪ್ರದರ್ಶನ ಇದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೊರಡಿ. ಮಕ್ಕಳಿಗೆ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿ, ಅಲ್ಲಿ ನೀರೇ ಏಳದಿದ್ದರೆ ಸಮಾಧಾನ ಮಾಡುವುದು ಕಷ್ಟ.

ಬೆಳಗ್ಗೆ ಪಾರ್ಕ್ ವಾಕಿಂಗ್‌ನವರದ್ದು. ಸಂಜೆ ಸಂಸಾರಸ್ಥರದ್ದು. ಭಾನುವಾರ ಸಂಜೆ ಮಾತ್ರ ಕಾರು ತೆಗೆದುಕೊಂಡು ಹೋಗಬೇಡಿ, ನಿಲ್ಲಿಸುವ ಜಾಗಕ್ಕೆ ಸುತ್ತು ಹೊಡೆಯುವುದರಲ್ಲೇ ಅರ್ಧ ಸಂಜೆ ಹೋಗುತ್ತದೆ. ರಿಕ್ಷಾ ಮಾಡಿಕೊಂಡು ಹೋದರೆ ಆರಾಮ. ಗೇಟಿನ ಹತ್ತಿರ ಚರುಮುರಿ, ಕಬ್ಬಿನ ಹಾಲು, ಬೊಂಡ (ಎಳನೀರು), ಐಸ್‌ಕ್ರೀಮ್ ಎಲ್ಲ ಸಿಗುತ್ತದೆ. ಘಟ್ಟದ ಮೇಲಿನ ನೆಂಟರಿಗೆ ಇಲ್ಲಿ ಒಮ್ಮೆ ಚರುಮುರಿ ಕೊಡಿಸಿ. ಮಂಡಕ್ಕಿಗೆ ತೆಂಗಿನೆಣ್ಣೆ ಬಿದ್ದ ತಕ್ಷಣ ಬರುವ ಪರಿಮಳವೇ ಬೇರೆ.

ಇಷ್ಟಕ್ಕೇ ವಾಪಸ್ ಬಂದರೆ ಕದ್ರಿಯ ಕಾಲು ಭಾಗ ಮಾತ್ರ ನೋಡಿದ ಹಾಗೆ.

ಪಾರ್ಕಿನಿಂದ ನಡೆದುಕೊಂಡೇ ಹೋಗಬಹುದಾದ ದೂರದಲ್ಲಿ, ಗುಡ್ಡದ ಬುಡದಲ್ಲಿ ಮಂಜುನಾಥ ದೇವಸ್ಥಾನ ಇದೆ. ದೇವರ ದರ್ಶನ ಮುಗಿಸಿ ಹಾಗೇ ಹೊರಟುಬಿಡಬೇಡಿ. ಅಲ್ಲಿ ಕಂಚಿನ ಲೋಕೇಶ್ವರ ವಿಗ್ರಹ ಇದೆ. ಮೂರು ಮುಖ, ಆರು ಕೈ. ಕುಳಿತ ಭಂಗಿ. ಅದರ ಪೀಠದಲ್ಲಿ ಶಾಸನ ಇದೆ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಇದನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠೆ ಮಾಡಿಸಿದ ಅಂತ ಅದು ಹೇಳುತ್ತದೆ. ವಿಹಾರ ಅಂದ ಮೇಲೆ ಬೌದ್ಧರ ನೆಲೆ ಅಲ್ವಾ? ಆದರೆ ಅದೇ ಶಾಸನದಲ್ಲಿ ಕುಂದವರ್ಮನನ್ನು ಶಿವಭಕ್ತ ಅಂತಲೇ ಹೊಗಳಿದ್ದಾರೆ. ಬೌದ್ಧರು, ಶೈವರು, ನಾಥಪಂಥದವರು (ಜೋಗಿಗಳು) ಮೂವರ ಗುರುತೂ ಒಂದೇ ಗುಡ್ಡದಲ್ಲಿ ಉಳಿದಿರುವುದು ಕದ್ರಿಯ ದೊಡ್ಡತನ. ವಿಗ್ರಹದ ಎದುರು ಐದು ನಿಮಿಷ ನಿಲ್ಲಿ. ಆ ಕಂಚಿನ ಮೈಯ ನುಣುಪು, ಒಂದೊಂದು ಆಭರಣದ ಕೆತ್ತನೆ, ಅರೆಮುಚ್ಚಿದ ಕಣ್ಣು, ಇವನ್ನು ನೋಡುತ್ತಿದ್ದರೆ ಎರಕ ಹೊಯ್ದವರ ಕೈಗೆ ಮುಗಿಯಬೇಕು ಅನಿಸುತ್ತದೆ. ದಕ್ಷಿಣ ಭಾರತದ ಅತ್ಯಂತ ಒಳ್ಳೆಯ ಕಂಚಿನ ವಿಗ್ರಹಗಳ ಸಾಲಿನಲ್ಲಿ ತಿಳಿದವರು ಇದನ್ನು ಸೇರಿಸುತ್ತಾರೆ. ಮಂಗಳೂರಿನವರೇ ಎಷ್ಟೋ ಜನ ಇದನ್ನು ಸರಿಯಾಗಿ ನೋಡಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖ, ಅದರ ಕೆಳಗೆ ಕೆರೆಗಳು. ಗುಡ್ಡದ ಒಳಗಿನಿಂದ ಬರುವ ನೀರು ಕಲ್ಲಿನ ಬಾಯಿಂದ ಬಿದ್ದು ಒಂದು ಕೆರೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಇದಕ್ಕೆ ಕಾರಣ ನಮ್ಮ ನೆಲವೇ. ಮೇಲೆ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರ ತುಂಬ ಸಣ್ಣ ಸಣ್ಣ ತೂತು. ಮಳೆಗಾಲದಲ್ಲಿ ಕುಡಿದ ನೀರನ್ನು ಗುಡ್ಡ ನಿಧಾನವಾಗಿ ಬುಡದಲ್ಲಿ ಬಿಡುತ್ತದೆ. ಕರಾವಳಿಯ ಎಷ್ಟೋ ಹಳೆಯ ದೇವಸ್ಥಾನಗಳು ಗುಡ್ಡದ ಬುಡದಲ್ಲೇ ಇರುವುದು ಸುಮ್ನೆ ಅಲ್ಲ. ಅಲ್ಲಿ ನೀರು ಇರುತ್ತದೆ. ಇನ್ನೂ ಮೇಲೆ ಹೋದರೆ ಜೋಗಿ ಮಠ, ಅದರಾಚೆ ಜನ ಪಾಂಡವರ ಗುಹೆ ಅಂತ ಕರೆಯುವ ಕಲ್ಲಿನ ಗುಹೆಗಳು. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳ ಝುಂಡಿ, ಅಂದರೆ ದೊಡ್ಡ ಗುಂಪು, ನಡೆದುಕೊಂಡೇ ಇಲ್ಲಿಗೆ ಬರುತ್ತದೆ. ಮಠಕ್ಕೆ ಹೊಸ ಪೀಠಾಧಿಪತಿಯ ಪಟ್ಟಾಭಿಷೇಕ ಆಗುವುದು ಆಗಲೇ. ಕಳೆದ ಸಲ ಆದದ್ದು 2016ರಲ್ಲಿ.

ವಯಸ್ಸಾದವರು ಜೊತೆಗಿದ್ದರೆ ಒಂದು ಕಿವಿಮಾತು. ಮೆಟ್ಟಿಲು ಜಾಸ್ತಿ ಇದೆ, ಮಂಡಿ ನೋವಿನವರಿಗೆ ಆಗುವುದಿಲ್ಲ. ಆದರೆ ದೇವಸ್ಥಾನದ ಅಂಗಳದಲ್ಲಿ ಅವರಿಗೆ ಆರಾಮಾಗಿ ಕೂರಬಹುದು. ಅಜ್ಜಿ ಕೆಳಗೆ ದೇವರ ಎದುರು ಕುಳಿತಿರಲಿ, ಮಕ್ಕಳು ಮೇಲೆ ಗುಹೆ ನೋಡಿ ಬರಲಿ, ಆಮೇಲೆ ಎಲ್ಲರೂ ಒಟ್ಟಿಗೆ ರಿಕ್ಷಾ ಹತ್ತಿ ಪಾರ್ಕಿಗೆ ಹೋಗಲಿ. ಮೂರು ತಲೆಮಾರಿಗೆ ಒಂದೇ ಜಾಗದಲ್ಲಿ ಹೀಗೆ ಹೊಂದುವುದು ಮಂಗಳೂರಿನಲ್ಲಿ ಕದ್ರಿ ಒಂದೇ. ದೇವಸ್ಥಾನ ಮಧ್ಯಾಹ್ನದ ಮೇಲೆ ಸ್ವಲ್ಪ ಹೊತ್ತು ಮುಚ್ಚಿರುತ್ತದೆ. ಹಾಗಾಗಿ ಬೆಳಗ್ಗೆ ಹೋಗುವವರು ಮೊದಲು ದೇವಸ್ಥಾನ, ಆಮೇಲೆ ಪಾರ್ಕ್. ಸಂಜೆ ಹೋಗುವವರು ಮೊದಲು ಪಾರ್ಕ್, ಆಮೇಲೆ ದೀಪ ಹಚ್ಚುವ ಹೊತ್ತಿಗೆ ದೇವಸ್ಥಾನ.

ಪಾರ್ಕಿನ ಸುತ್ತ ಇನ್ನೂ ಇದೆ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿ ಕೇಂದ್ರ ಇದೇ ಗುಡ್ಡದಲ್ಲಿದೆ. ತುಳು, ಕೊಂಕಣಿ, ಬ್ಯಾರಿ ಮಾತುಗಳನ್ನು ಮನೆಮನೆಯ ರೇಡಿಯೋಗೆ ತಲುಪಿಸಿದ್ದು ಇಲ್ಲಿಂದಲೇ. ಸರ್ಕ್ಯೂಟ್ ಹೌಸ್ ಬದಿಗೆ ಹೋದರೆ ಹುತಾತ್ಮ ಯೋಧರ ಸ್ಮಾರಕ ಇದೆ. ಆ ಎತ್ತರದಿಂದ ಊರಿನ ಹೆಂಚಿನ ಮಾಡು, ತೆಂಗಿನ ತಲೆಗಳ ಆಚೆ ಸಮುದ್ರ ಕಾಣುತ್ತದೆ. ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಗೋಪಾಲನಾಥರು ಹುಟ್ಟಿದ್ದು ಬಂಟ್ವಾಳ ತಾಲೂಕಿನಲ್ಲಿ. ಆದರೆ ಲೋಕವೆಲ್ಲ ಅವರನ್ನು ಕರೆದದ್ದು ಕದ್ರಿ ಗೋಪಾಲನಾಥ್ ಅಂತ.

ಮಳೆ ಬಂದರೆ, ಇಲ್ಲವೇ ಬಿಸಿಲು ಜಾಸ್ತಿ ಆದರೆ, ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಮ್ಯೂಸಿಯಂಗೆ ರಿಕ್ಷಾ ಮಾಡಿ. ಕಟ್ಟಡ ಹಡಗಿನ ಆಕಾರದಲ್ಲಿದೆ, ಮಕ್ಕಳು ಮೊದಲು ಅದಕ್ಕೇ ಮರುಳಾಗುತ್ತಾರೆ. ಕರ್ನಲ್ ಮಿರಾಜ್ಕರ್ ಅವರು ತಾಯಿಯ ಹೆಸರಿನಲ್ಲಿ ಕೊಟ್ಟ ಮನೆ ಇದು. 1960ರಿಂದ ಸರ್ಕಾರಿ ಮ್ಯೂಸಿಯಂ ಆಗಿದೆ. ಸೋಮವಾರ ರಜೆ.

ಕದ್ರಿಗೆ ಬರಲು ಒಳ್ಳೆಯ ತಿಂಗಳು ಜನವರಿ. ಮಕರ ಸಂಕ್ರಾಂತಿಯ ಹೊತ್ತಿಗೆ ದೇವಸ್ಥಾನದ ಜಾತ್ರೆ ಶುರುವಾಗುತ್ತದೆ, ಗಣರಾಜ್ಯೋತ್ಸವದ ಸಮಯಕ್ಕೆ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಪ್ರದರ್ಶನಕ್ಕೆ ಹೋಗುವವರು ಹೂವಿನ ಗೋಪುರಗಳ ಎದುರು ಫೋಟೋ ತೆಗೆದು ಮುಗಿಸಬೇಡಿ. ಗಿಡ, ಬೀಜ ಮಾರುವ ಮಳಿಗೆಗಳಿಗೂ ಹೋಗಿ. ಮಲ್ಲಿಗೆ ಗಿಡಕ್ಕೆ ಏನು ಹಾಕಬೇಕು, ಕಾಳುಮೆಣಸಿಗೆ ಯಾವಾಗ ಮದ್ದು ಬಿಡಬೇಕು ಅಂತ ಅಲ್ಲಿರುವವರನ್ನು ಕೇಳಿದರೆ ತಾಳ್ಮೆಯಿಂದ ಹೇಳುತ್ತಾರೆ.

ಬಾವುಟಗುಡ್ಡೆ: ಒಂದೆರಡು ಗಂಟೆ ಇದ್ದರೆ

ಪಾರ್ಕ್ ಅಂತ ನೋಡಿದರೆ ಬಾವುಟಗುಡ್ಡೆಯ ಠಾಗೋರ್ ಪಾರ್ಕ್ ಕದ್ರಿಯ ಮುಂದೆ ತುಂಬ ಸಣ್ಣದು. ಓಡಾಡಲು ಜಾಗ ಕಮ್ಮಿ. ಆಟ ಆಡಲೇಬೇಕು ಅನ್ನುವ ಮಕ್ಕಳನ್ನು ಇಲ್ಲಿಗೆ ಕರೆತಂದರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಆದರೆ ಊರಿನ ನಟ್ಟನಡುವೆ, ಹಂಪನಕಟ್ಟೆಯ ಗದ್ದಲದಿಂದ ನಾಲ್ಕು ಹೆಜ್ಜೆ ಮೇಲೆ, ಗಾಳಿ ಬರುವ ಜಾಗ ಬೇಕು ಅಂದರೆ ಇದಕ್ಕೆ ಸಮ ಯಾವುದೂ ಇಲ್ಲ. ಹಳೆಯ ದೀಪಸ್ತಂಭ ಇಲ್ಲೇ ಇದೆ. ಹೈದರಾಲಿಯ ಕಾಲದ್ದು ಅಂತ ಜನ ಹೇಳುತ್ತಾರೆ.

ಈ ಗುಡ್ಡದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. 1837ರ ಏಪ್ರಿಲ್‌ನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು, ಇಲ್ಲಿದ್ದ ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿತು. ಸುಮಾರು ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. 1857ರ ದಂಗೆಗಿಂತ ಇಪ್ಪತ್ತು ವರ್ಷ ಮೊದಲು! ಕಲ್ಯಾಣಪ್ಪನ ಕಾಟಕಾಯಿ ಅಂತ ಬಹಳ ಕಾಲ ಇದನ್ನು ಹಗುರವಾಗಿ ಕರೆದರು. ಈಗ ಅಮರ ಸುಳ್ಯ ಹೋರಾಟ ಅಂತ ಗೌರವದಿಂದ ಹೇಳುತ್ತಾರೆ. ಆ ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಲ್ಲಿ ಇಲ್ಲೇ ನಿಂತಿತು. ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ವಿಷಯ ಆ ಜಾಗದಲ್ಲೇ ನಿಂತು ಕೇಳಿದರೆ ಮಕ್ಕಳ ತಲೆಯಲ್ಲಿ ಉಳಿಯುತ್ತದೆ.

ಬಾವುಟಗುಡ್ಡೆಯನ್ನು ಆರಿಸಲು ದೊಡ್ಡ ಕಾರಣ ಸಂತ ಅಲೋಶಿಯಸ್ ಚಾಪೆಲ್. 1880ರಲ್ಲಿ ಶುರುವಾದ ಕಾಲೇಜಿನ ಆವರಣದಲ್ಲೇ ಇದೆ. ಹೊರಗಿನಿಂದ ನೋಡಿದರೆ ಬಿಳಿ ಗೋಡೆ, ಒಂದು ಗೋಪುರ, ಅಷ್ಟೇ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಮಾಡು ಎಲ್ಲೂ ಖಾಲಿ ಜಾಗವೇ ಇಲ್ಲ, ಚಿತ್ರವೇ ಚಿತ್ರ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ 1899ರಿಂದ ಎರಡು ವರ್ಷ ಇಲ್ಲಿ ಕೆಲಸ ಮಾಡಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಅಂದರೆ ಸುಣ್ಣದ ಗಾರೆ ಇನ್ನೂ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ತಪ್ಪಿದರೆ ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಮಾಡಬೇಕು. ಮಾಡಿನ ಚಿತ್ರಗಳು ಮಾತ್ರ ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬಿಡಿಸಿದ್ದು, ಅಲೋಶಿಯಸ್ ಗೊನ್ಸಾಗರ ಬದುಕಿನ ಪ್ರಸಂಗಗಳು. ಗೋಡೆ ಬೆವರುವ ನಮ್ಮ ಕರಾವಳಿಯ ಹವೆಯಲ್ಲಿ ಇವು ಇಷ್ಟು ವರ್ಷ ಉಳಿದಿರುವುದೇ ದೊಡ್ಡದು. ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುವಂತೆ ಆಗುತ್ತದೆ, ಬೆಂಚಿನ ಮೇಲೆ ಕುಳಿತೇ ನೋಡಿ. ಒಳಗೆ ಫೋಟೋ ತೆಗೆಯುವಂತಿಲ್ಲ. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಬೇಕು.

ಗುಡ್ಡ ಇಳಿದು ಹಂಪನಕಟ್ಟೆಗೆ ಬಂದರೆ ಮಾರ್ಕೆಟ್ ರಸ್ತೆಯಲ್ಲಿ ಐಡಿಯಲ್ ಐಸ್‌ಕ್ರೀಮ್ ಇದೆ. 1975ರಿಂದ ಅಲ್ಲೇ ಇದೆ. ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಪದರ ಪದರವಾಗಿ ಬರುವ ಗಡ್‌ಬಡ್ ತಿನ್ನಿಸದೆ ನೆಂಟರನ್ನು ಊರಿಗೆ ಕಳಿಸಬೇಡಿ. ಗಡ್‌ಬಡ್ ಮೊದಲು ಆದದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಉದ್ದ ಚಮಚವನ್ನು ಕೆಳಗಿನವರೆಗೆ ಇಳಿಸಿ, ಎಲ್ಲ ಪದರವನ್ನೂ ಒಟ್ಟಿಗೆ ಎತ್ತಿ ತಿನ್ನಬೇಕು. ಮೇಲಿನದ್ದನ್ನು ಮೊದಲು ಮುಗಿಸಿದರೆ ಅದು ಬರೀ ಐಸ್‌ಕ್ರೀಮ್ ಆಗಿಬಿಡುತ್ತದೆ.

ಪಿಲಿಕುಳ: ಹೋದರೆ ಇಡೀ ದಿನಕ್ಕೆ

ವಾಮಂಜೂರಿನಿಂದ ಒಳಗೆ, ಪೇಟೆಯಿಂದ ಹನ್ನೆರಡು ಕಿಲೋಮೀಟರಿನಷ್ಟು ದೂರ. ಇದನ್ನು ಪಾರ್ಕ್ ಅನ್ನುವುದಕ್ಕಿಂತ ಒಂದು ಊರು ಅನ್ನಬಹುದು. ಸುಮಾರು 370 ಎಕರೆ. ಮೃಗಾಲಯ, ಬೋಟಿಂಗ್ ಇರುವ ಕೆರೆ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ನೀರಾಟದ ಪಾರ್ಕ್. ಎಲ್ಲದಕ್ಕೂ ಬೇರೆ ಬೇರೆ ಟಿಕೆಟ್, ಎಲ್ಲದರ ನಡುವೆ ದೂರ. ಅಲ್ಲೇ ಹೆಚ್ಚಿನವರು ಸೋಲುವುದು. ಎಲ್ಲವನ್ನೂ ಒಂದೇ ದಿನ ನೋಡುತ್ತೇವೆ ಅಂತ ಹೊರಟರೆ ಮಧ್ಯಾಹ್ನಕ್ಕೇ ಸುಸ್ತು, ಮಕ್ಕಳ ಅಳು, ದೊಡ್ಡವರ ಸಿಡುಕು.

ಎರಡು ಆರಿಸಿಕೊಳ್ಳಿ. ಸಣ್ಣ ಮಕ್ಕಳಿದ್ದರೆ ಬೆಳಗ್ಗೆ ತೆರೆದ ಕೂಡಲೇ ಮೃಗಾಲಯ, ಆಮೇಲೆ ಕೆರೆ. ಹುಲಿ ಕಾಣಬೇಕು ಅಂದರೆ ಬೇಗ ಹೋಗಬೇಕು. ಸೆಕೆ ಏರಿದ ಮೇಲೆ ಅದೂ ನೆರಳು ಹುಡುಕಿ ಮಲಗಿಬಿಡುತ್ತದೆ. ಕಾಳಿಂಗ ಸರ್ಪಗಳನ್ನು ಸಾಕಿ ಮರಿ ಮಾಡಿಸಿದ ಹೆಸರೂ ಪಿಲಿಕುಳಕ್ಕೆ ಇದೆ. ಹೈಸ್ಕೂಲ್ ಮಕ್ಕಳಿದ್ದರೆ ವಿಜ್ಞಾನ ಕೇಂದ್ರ ಮತ್ತು ತಾರಾಲಯ. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ದೇಶದ ಮೊದಲ ತ್ರೀಡಿ ತಾರಾಲಯ. ಎಸಿ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ಇದು ಎಲ್ಲರಿಗೂ ಹಿತ. ಹಿರಿಯರಿದ್ದರೆ ಗುತ್ತಿನ ಮನೆ. ಹಳೆಯ ತುಳುನಾಡಿನ ದೊಡ್ಡ ಮನೆ ಹೇಗಿತ್ತು ಅಂತ ಕಟ್ಟಿ ತೋರಿಸಿದ್ದಾರೆ. ನಡು ಅಂಗಳ, ಮರದ ಕಂಬ, ಕೆತ್ತನೆಯ ಬಾಗಿಲು ನೋಡಿದ ತಕ್ಷಣ ಅಜ್ಜ ಅಜ್ಜಿಯರ ಬಾಯಲ್ಲಿ ಕಥೆ ತಾನಾಗಿ ಬರುತ್ತದೆ.

ಸೋಮವಾರ ಬಾಗಿಲು ಹಾಕಿರುತ್ತದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಬಸ್ ಇದೆ, ಆದರೆ ಸಂಸಾರ ಸಮೇತ ಹೋಗುವುದಾದರೆ ಸ್ವಂತ ವಾಹನ ಅಥವಾ ಬಾಡಿಗೆ ಕಾರು ಒಳ್ಳೆಯದು. ಗೇಟಿನ ಹೊರಗೆ ಸುತ್ತಾಡಲು ಕದ್ರಿಯಂತೆ ಹಳೆಯ ಕೇರಿ ಇಲ್ಲ. ಏನಿದ್ದರೂ ಒಳಗೇ.

ತಣ್ಣೀರುಬಾವಿ: ಬೀಚ್ ಬೇಕು, ನೆರಳೂ ಬೇಕು ಅನ್ನುವವರಿಗೆ

ಮನೆಯಲ್ಲಿ ಅರ್ಧ ಜನ ಬೀಚ್, ಅರ್ಧ ಜನ ಪಾರ್ಕ್ ಅಂತ ಪಟ್ಟು ಹಿಡಿದರೆ ತಣ್ಣೀರುಬಾವಿಗೆ ಹೊರಡಿ. ಗಾಳಿಮರಗಳ ನೆರಳು, ಅರಣ್ಯ ಇಲಾಖೆಯ ಟ್ರೀ ಪಾರ್ಕ್, ಪಕ್ಕದಲ್ಲೇ ಕಡಲು. ಪಣಂಬೂರಿನಷ್ಟು ಜನಜಂಗುಳಿ ಇರುವುದಿಲ್ಲ.

ಇಲ್ಲಿಗೆ ಹೋಗುವ ದಾರಿಯೇ ಅರ್ಧ ಖುಷಿ. ಕೂಳೂರು, ಪಣಂಬೂರಿನ ಮೂಲಕ ರಸ್ತೆ ಇದೆ, ಆದರೆ ಲಾರಿಗಳ ಸಾಲು. ಉರ್ವದ ಬದಿಯಿಂದ ಸುಲ್ತಾನ್ ಬತ್ತೇರಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಫಲ್ಗುಣಿ ನದಿ ದಾಟಿ. ಬತ್ತೇರಿ ಟಿಪ್ಪುವಿನ ಕಾಲದ್ದು, 1784ರಲ್ಲಿ ಕಪ್ಪು ಕಲ್ಲಿನಿಂದ ಕಟ್ಟಿದ್ದು. ನದಿಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಕಾಯಲು ಕಟ್ಟಿದ ಕಾವಲು ಗೋಪುರ. ಬಂದೂಕಿನ ಕಿಂಡಿಗಳಿಂದ ಹೊರಗೆ ನೋಡಿದರೆ ಕಾವಲಿನವನಿಗೆ ಏನೇನು ಕಾಣುತ್ತಿತ್ತು ಅಂತ ಗೊತ್ತಾಗುತ್ತದೆ. ಬರುವ ದಾರಿಯಲ್ಲಿ ಸ್ವಲ್ಪ ಸುತ್ತಿದರೆ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ ಸಿಗುತ್ತದೆ. 1912ರಲ್ಲಿ ನಾರಾಯಣ ಗುರುಗಳೇ ಪ್ರತಿಷ್ಠೆ ಮಾಡಿದ ದೇವಸ್ಥಾನ. ದೇವಸ್ಥಾನಗಳ ಒಳಗೆ ಪ್ರವೇಶ ಸಿಗದ ಜನ ತಮ್ಮದೇ ದೇವಸ್ಥಾನ ಕಟ್ಟಿಕೊಂಡ ಆ ಛಲಕ್ಕಾದರೂ ಒಮ್ಮೆ ಹೋಗಬೇಕು. ಮಣ್ಣಗುಡ್ಡೆಯ ಗಾಂಧಿ ಪಾರ್ಕ್ ಕೂಡ ಇದೇ ಬದಿಗೆ. ಅದು ಆ ಕೇರಿಯವರಿಗೆ ಬೆಳಗ್ಗಿನ ವಾಕಿಂಗ್‌ಗೆ ಚೆನ್ನ. ಅದಕ್ಕಾಗಿ ದೂರದಿಂದ ಬರಬೇಕಿಲ್ಲ.

ವಾಪಸಿನ ದೋಣಿ ಎಷ್ಟು ಗಂಟೆಯವರೆಗೆ ಅಂತ ಹತ್ತುವಾಗಲೇ ಕೇಳಿಕೊಳ್ಳಿ. ಸೂರ್ಯ ಮುಳುಗುವುದನ್ನು ನೋಡುತ್ತ ಕುಳಿತು ದೋಣಿ ತಪ್ಪಿಸಿಕೊಂಡರೆ ರಸ್ತೆಯಲ್ಲಿ ದೊಡ್ಡ ಸುತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವ ಮಾತೇ ಬೇಡ. ಮಳೆಗಾಲದ ಕಡಲು ಮೇಲಿಂದ ಶಾಂತವಾಗಿ ಕಂಡರೂ ಕೆಳಗಿನ ಸೆಳೆತ ಜೋರು, ಈಜು ಬಲ್ಲವರನ್ನೂ ಬಿಡುವುದಿಲ್ಲ. ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವೆ, ಪ್ರತಿ ವರ್ಷ ಯಾರದೋ ಮನೆಯ ಮಗು. ದಯವಿಟ್ಟು ಬೇಡ.

ಮಳೆಗಾಲಕ್ಕೆ, ರೈಲಿನವರಿಗೆ

ಮಳೆಗಾಲದಲ್ಲಿ ಲೆಕ್ಕ ಪೂರ್ತಿ ಬದಲಾಗುತ್ತದೆ. ಕದ್ರಿಯ ಕೆರೆ ತುಂಬಿ ಗೋಮುಖದ ನೀರು ಜೋರಾಗಿ ಬೀಳುವುದನ್ನು ನೋಡಬೇಕಾದ್ದೇ ಆಗ. ಆದರೆ ಮೆಟ್ಟಿಲಿನ ಮೇಲೆ ಪಾಚಿ ಕಟ್ಟಿ ಜಾರುತ್ತದೆ, ಗುಹೆಯ ಕಡೆ ಹೋಗುವುದು ಬಿಡಿ. ಪಾರ್ಕಿನಲ್ಲಿ ಕೂರಲು ಒಣ ಜಾಗ ಸಿಗುವುದಿಲ್ಲ. ಅಂಥ ದಿನ ಚಾಪೆಲ್, ಮ್ಯೂಸಿಯಂ, ತಾರಾಲಯ ಈ ಮೂರರಲ್ಲಿ ಒಂದಕ್ಕೆ ಹೋಗಿ, ಆಮೇಲೆ ಎಲ್ಲಾದರೂ ಬಿಸಿ ಗೋಳಿಬಜೆ ತಿನ್ನುವುದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಹತ್ತರ ಒಳಗೆ, ಇಲ್ಲವೇ ನಾಲ್ಕೂವರೆಯ ಮೇಲೆ ಮಾತ್ರ ಹೊರಡಿ. ನಮ್ಮ ಸೆಕೆ ಬೆಂಗಳೂರಿನವರಿಗೆ ಅಭ್ಯಾಸ ಇರುವುದಿಲ್ಲ.

ಎರಡು ರೈಲಿನ ನಡುವೆ ನಾಲ್ಕಾರು ಗಂಟೆ ಸಿಕ್ಕಿದರೆ ಯಾವ ಸ್ಟೇಷನ್ ಅಂತ ಮೊದಲು ಟಿಕೆಟ್ ನೋಡಿ. ಮಂಗಳೂರು ಸೆಂಟ್ರಲ್ ಆದರೆ ಹಂಪನಕಟ್ಟೆ ಪಕ್ಕದಲ್ಲೇ, ಹಾಗಾಗಿ ಬಾವುಟಗುಡ್ಡೆ, ಚಾಪೆಲ್, ಗಡ್‌ಬಡ್ ಮೂರನ್ನೂ ನಿಧಾನವಾಗಿ ಮುಗಿಸಬಹುದು. ಜಂಕ್ಷನ್ ಆದರೆ ನಂತೂರು ಮೂಲಕ ಕದ್ರಿಗೆ ರಿಕ್ಷಾ ಮಾಡಿ, ದೇವಸ್ಥಾನ, ಕೆರೆ ನೋಡಿ, ಪಾರ್ಕಿನಲ್ಲಿ ಸ್ವಲ್ಪ ಕಾಲು ಚಾಚಿ ವಾಪಸ್ ಬನ್ನಿ. ನಂತೂರಿನ ಟ್ರಾಫಿಕ್ ಸಂಜೆ ಹೊತ್ತು ನಂಬುವಂಥದ್ದಲ್ಲ. ಮರಳಿ ಹೋಗಲು ಒಂದು ಗಂಟೆ ಇಟ್ಟುಕೊಂಡೇ ಪಾರ್ಕಿನಿಂದ ಎದ್ದುಬಿಡಿ.